12×15 ಹಾಲ್‌ಗೆ ಎಷ್ಟು ಬಾಕ್ಸ್ ಟೈಲ್ಸ್?

ನಿಮ್ಮ ಹಾಲ್ 12×15 ಅಡಿ, ಎರಡಡಿ ಟೈಲ್ಸ್‌ಗೆ ಅಂಗಡಿಯವರು 12 ಬಾಕ್ಸ್ ಸಾಕು ಅಂದಿದ್ದಾರೆ ಅಂತ ಬರೆದಿದ್ದೀರಿ. ಸಾಲೋದಿಲ್ಲ ಸರ್. ಎರಡಡಿ ಅಂತ ಕರೆದರೂ ಅದು 600 ಮಿಲಿಮೀಟರ್ ಮಾತ್ರ. ನಾಲ್ಕು ಟೈಲ್ಸ್ ಇರುವ ಬಾಕ್ಸ್ ಅಂದ್ರೆ ಸುಮಾರು 15.5 ಚದರಡಿ, 16 ಅಲ್ಲ. ನಿಮ್ಮದು 180 ಚದರಡಿ. ಕಟಿಂಗ್ ವೇಸ್ಟ್ ನೂರಕ್ಕೆ ಹತ್ತು ಸೇರಿಸಿದರೆ ನೆಲಕ್ಕೇ 13 ಬಾಕ್ಸ್ ಬೇಕು. ಅದೇ ಟೈಲ್ಸ್ ಕೊಯ್ದು ನಾಲ್ಕಿಂಚಿನ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಅಂಟಿಸುವ ಪಟ್ಟಿ) ಮಾಡಿಸುವುದಾದರೆ 14 ತಗೊಳ್ಳಿ.

ಅದಕ್ಕೂ ಮೊದಲು ಇನ್ನೊಮ್ಮೆ ಅಳೆಯಿರಿ. ಪ್ಲ್ಯಾನ್‌ನಲ್ಲಿರುವ ಅಳತೆ ನಂಬಬೇಡಿ, ಪ್ಲಾಸ್ಟರ್ ಆದಮೇಲೆ ಗೋಡೆ ಒಳಗೆ ಬಂದಿರುತ್ತದೆ. ಅಗಲವನ್ನು ಎರಡೂ ತುದಿಯಲ್ಲಿ, ನಡುವೆ ಒಂದು ಕಡೆ ಹಿಡಿದು ನೋಡಿ. ನಮ್ಮ ಮನೆ ಹಾಲ್ ಬಾಗಿಲ ಕಡೆ 12 ಅಡಿ ಇತ್ತು, ಕಿಟಕಿ ಕಡೆ ಮೂರು ಇಂಚು ಜಾಸ್ತಿ! ಯಾವಾಗಲೂ ಜಾಸ್ತಿ ಬಂದಿದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಎಳೆಯಿರಿ. ಎರಡೂ ಒಂದೇ ಬರದಿದ್ದರೆ ರೂಮ್ ಸೊಟ್ಟ ಇದೆ ಅಂತ ಅರ್ಥ, ಮೇಸ್ತ್ರಿಗೆ ಮೊದಲೇ ತೋರಿಸಿ. ಬಾಗಿಲ ಹೊಸ್ತಿಲ ಜಾಗ, ಗೋಡೆಯೊಳಗಿನ ಬೀರು ಇದ್ದರೆ ಅದರ ತಳ ಮರೆಯಬೇಡಿ.

ಎಲ್ಲ ಬಾಕ್ಸೂ ಒಂದೇ ಬ್ಯಾಚ್ ನಂಬರ್ ಇರಲಿ. ಆಮೇಲೆ ಒಂದು ಬಾಕ್ಸ್ ತರಲು ಹೋದರೆ ಅದೇ ಬಣ್ಣ ಸಿಗೋದು ಕಷ್ಟ.