ಸೀಸನ್ ಮುಗಿದ ಮೇಲೂ ಮೈನರ್ ಲೀಗ್ ಹುಡುಗರನ್ನು ಅರಿಜೋನಾಗೆ ಕಳಿಸುವುದು ಯಾಕೆ?

ತಮ್ಮಷ್ಟೇ ಗಟ್ಟಿಗರ ಎದುರು ಆಡಿ ಪಳಗಲಿ ಅಂತ. ಮೈನರ್ ಲೀಗ್ ಅಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡಗಳು ಹುಡುಗರನ್ನು ಬೆಳೆಸುವ ಕೆಳಹಂತ. ಅಲ್ಲಿ ಪ್ರತಿಭೆ ನೂರಕ್ಕೂ ಹೆಚ್ಚು ಊರುಗಳಲ್ಲಿ ಚದುರಿರುತ್ತದೆ. ಇವತ್ತು ಒಳ್ಳೆಯ ಪಿಚರ್, ಅಂದರೆ ಚೆಂಡು ಎಸೆಯುವವನು, ಎದುರಾದರೆ ನಾಳೆ ಸಾಧಾರಣದವನು. 1992ರಲ್ಲಿ ಶುರುವಾದ ಅರಿಜೋನಾ ಫಾಲ್ ಲೀಗ್‌ನಲ್ಲಿ ಹಾಗಲ್ಲ. 30 ಮೇಜರ್ ಲೀಗ್ ತಂಡಗಳೂ ತಮ್ಮ ಆಯ್ದ ಹುಡುಗರನ್ನು ಕಳಿಸುತ್ತವೆ. ಅಷ್ಟೂ ಜನ ಬರೀ 6 ತಂಡಗಳಲ್ಲಿ! ಹಾಲಿನ ಕೆನೆಯನ್ನಷ್ಟೇ ತೆಗೆದಿಟ್ಟ ಹಾಗೆ.

ಗಾಯವಾಗಿ ತಿಂಗಳುಗಟ್ಟಲೆ ಕೂತವನಿಗೆ ಕಳೆದುಹೋದ ಆಟವೂ ಇಲ್ಲಿ ಸಿಗುತ್ತದೆ. ಬ್ಯಾಟ್ ಹಿಡಿದು ನಿಂತಷ್ಟೂ ಕಣ್ಣು ಪಳಗುತ್ತದೆ, ಸುಮ್ನೆ ನೆಟ್ಸ್‌ನಲ್ಲಿ ಹೊಡೆದರೆ ಸಾಲದು. ಬ್ಯಾಸ್ಕೆಟ್‌ಬಾಲ್ ಬಿಟ್ಟು ಬಂದ ಮೈಕೆಲ್ ಜೋರ್ಡನ್ ಅವರನ್ನೇ ನೋಡಿ. 1994ರಲ್ಲಿ ಮೈನರ್ ಲೀಗ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ .202, ಅಂದರೆ ಐದು ಪ್ರಯತ್ನಕ್ಕೆ ಒಂದು ಹಿಟ್. ಅದೇ ವರ್ಷ ಅರಿಜೋನಾದಲ್ಲಿ, ಇನ್ನೂ ಜಾಸ್ತಿ ಪೈಪೋಟಿಯ ನಡುವೆ, .252. ನಾಲ್ಕಕ್ಕೆ ಒಂದು! ನನಗಂತೂ ಈ ಲೀಗ್ ಯಾಕೆ ಬೇಕು ಅನ್ನುವುದಕ್ಕೆ ಇಷ್ಟೇ ಸಾಕು.