ಗೋತ್ರ ಬೇರೆಯಾದರೆ ಸಾಲದು

ಕುಮಟಾದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ‘ಥಲಸ್ಸೇಮಿಯಾ ವಂಶದಿಂದ ಬರುವ ರಕ್ತದ ಕಾಯಿಲೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ತಂಗಿಯ ಮಗಳ ಮಗುವಿಗೆ ಅದು ಬಂದಿದೆ. ಎರಡೂ ಕಡೆ ಏಳು ತಲೆಮಾರಿನಲ್ಲಿ ಯಾರಿಗೂ ಇರಲಿಲ್ಲ. ಗೋತ್ರ, ನಾಡಿ ನೋಡಿಯೇ ಮದುವೆ ಮಾಡಿದ್ದು. ನಾಲ್ಕರಲ್ಲಿ ಒಂದು ಮಗುವಿಗೆ ಎಂದಮೇಲೆ ಮುಂದಿನ ಮೂವರಿಗೆ ಭಯವಿಲ್ಲ ತಾನೆ? ನನ್ನ ಮಗನಿಗೂ ಸಂಬಂಧ ನೋಡುತ್ತಿದ್ದೇವೆ. ಜಾತಕವನ್ನು ಇನ್ನೊಬ್ಬ ಜೋಯಿಸರಿಗೆ ತೋರಿಸಲೇ?’

ಮಾನ್ಯ ಮಾಸ್ತರರೇ,

ಮನೆಯ ಸಂಕಟವನ್ನು ಮುಚ್ಚಿಡದೆ ಬರೆಯುವವರು ನಮ್ಮಲ್ಲಿ ವಿರಳ. ಅದಕ್ಕೆ ಮೊದಲು ನಮಸ್ಕಾರ. ಆದರೆ ಏಳು ತಲೆಮಾರಿನ ಮಾತು ನಿಮ್ಮ ವಾದಕ್ಕೆ ಸಾಕ್ಷಿಯಾಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಕಟ್ಟುವ ವಂಶವಾಹಿ (ಜೀನ್) ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದವನು ಅಡಿಕೆ ಮರ ಹತ್ತಿ ಕೊನೆ ಕೊಯ್ದುಕೊಂಡು ಎಂಬತ್ತು ವರ್ಷ ಬಾಳಬಲ್ಲ; ತಾನು ವಾಹಕನೆಂದು ಅವನಿಗೇ ಗೊತ್ತಿರುವುದಿಲ್ಲ. ಇಬ್ಬರು ವಾಹಕರು ಗಂಡ ಹೆಂಡತಿಯಾಗಿ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದಾಗ ಮಾತ್ರ ಕಾಯಿಲೆ ತಲೆಯೆತ್ತುತ್ತದೆ. ಆಗಲೂ ನಾಲ್ಕರಲ್ಲಿ ಒಂದು ಎಂಬ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿಯೇ ಶುರುವಾಗುತ್ತದೆ. ಹಿಂದಿನ ಸಲ ಏನು ಬಿತ್ತೆಂಬುದು ಕವಡೆಗೆ ನೆನಪಿರುತ್ತದೆಯೇ? ಮುಂದಿನ ಮೂವರಿಗೆ ಭಯವಿಲ್ಲ ಎಂಬ ಮಾತನ್ನು ದಯವಿಟ್ಟು ತಂಗಿಯ ಮಗಳ ಕಿವಿಗೆ ಹಾಕಬೇಡಿ.

ಒಂದು ತಲೆಮಾರಿನಲ್ಲಿ ಮರೆಯಾದ ಗುಣ ಮುಂದಿನ ತಲೆಮಾರಿನ ಕಾಲುಭಾಗ ಬಟಾಣಿ ಗಿಡಗಳಲ್ಲಿ ಮರಳುವುದನ್ನು ಪಾದ್ರಿ ಮೆಂಡೆಲ್ 1866ರಲ್ಲೇ ಅಚ್ಚು ಹಾಕಿಸಿದ್ದ. 1900ರವರೆಗೆ ಹೆಚ್ಚಿನವರು ಅತ್ತ ತಿರುಗಿ ನೋಡಲಿಲ್ಲ. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯಾ ಎಂಬ ಅಪರೂಪದ ಕಾಯಿಲೆಯುಳ್ಳವರ ತಂದೆತಾಯಿ ತಾವು ಆರೋಗ್ಯವಾಗಿದ್ದರೂ ಅನೇಕ ವೇಳೆ ಒಡಹುಟ್ಟಿದವರ ಮಕ್ಕಳಾಗಿರುವುದನ್ನು ಕಂಡು, ಮೆಂಡೆಲನ ನಿಯಮ ಮನುಷ್ಯರಿಗೂ ಹೊಂದುತ್ತದೆ ಎಂದು ಬರೆದ.

ಹತ್ತಿರದ ರಕ್ತ ಕೂಡಬಾರದು ಎಂಬ ಹಿರಿಯರ ಎಚ್ಚರಿಕೆಯಲ್ಲಿ ವಿವೇಕವಿತ್ತು, ಒಪ್ಪುತ್ತೇನೆ. ಆದರೆ ಗೋತ್ರ ತಂದೆಯ ಬೆನ್ನು ಹಿಡಿದು ಮಾತ್ರ ನಡೆಯುತ್ತದೆ, ವಂಶವಾಹಿ ಇಬ್ಬರ ಕಡೆಯಿಂದಲೂ ಬರುತ್ತದೆ. ಸೋದರಮಾವನ ಮಗಳ ಗೋತ್ರ ಬೇರೆ, ಗೋತ್ರದ ಲೆಕ್ಕಕ್ಕೆ ತಕರಾರಿಲ್ಲ. ಆದರೂ ಆ ಹುಡುಗ ಹುಡುಗಿಯ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಪಾಲು ಒಂದೇ ಅಜ್ಜ ಅಜ್ಜಿಯಿಂದ ಬಂದದ್ದು. ಇನ್ನು ನಾಡಿಕೂಟ: ಮೂವತ್ತಾರು ಗುಣಗಳಲ್ಲಿ ಎಂಟು ಅದಕ್ಕೇ ಮೀಸಲು, ಸಂತಾನದ ಹೆಸರಿನಲ್ಲಿ ಅದಕ್ಕೆ ಹೆದರುವವರೂ ಬಹಳ. ಜನ್ಮನಕ್ಷತ್ರ ನೋಡಿ ಹೇಳುವ ಆ ಲೆಕ್ಕಕ್ಕೂ ಬೀಟಾ ವಂಶವಾಹಿಗೂ ಯಾವ ಸಂಬಂಧವೂ ಇಲ್ಲ.

ಶಿರಸಿ ಕಡೆಯ ಪರಿಚಿತರ ಮನೆಯಲ್ಲಿ, ಜಗುಲಿಯ ಮೇಲೆ ಕವಳದ ಬಟ್ಟಲಿನ ಪಕ್ಕ ಪಂಚಾಂಗ ಬಿಚ್ಚಿದ್ದಾಗ, ಆ ಮನೆಯ ಹುಡುಗಿಯ ರಕ್ತಪರೀಕ್ಷೆಯ ಚೀಟಿ ನೋಡಿದ್ದೆ. ಹಿಮೊಗ್ಲೋಬಿನ್ 10ರ ಆಸುಪಾಸು. ಕೆಂಪುಕಣದ ಸರಾಸರಿ ಗಾತ್ರ ಕನಿಷ್ಠ 80 ಇರಬೇಕಾದಲ್ಲಿ 64. ಕಣಗಳ ಸಂಖ್ಯೆ ಮಾತ್ರ ಎಂದಿನದಕ್ಕಿಂತ ಹೆಚ್ಚು. ರಕ್ತ ಕಡಿಮೆ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸಿದ್ದರು. ಕಣಗಳು ಸಣ್ಣವಾಗಿ, ಆದರೆ ಬಹಳವಾಗಿದ್ದರೆ ವಾಹಕಳೋ ಎಂದು ಅನುಮಾನಿಸಬೇಕು, ಹಿಮೊಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಹಿಮೊಗ್ಲೋಬಿನ್ ಎ2 ಎಂಬ ಬಗೆ ಶೇಕಡಾ 3.5 ದಾಟಿದರೆ ಸಾಮಾನ್ಯವಾಗಿ ವಾಹಕಳೆಂಬ ಉತ್ತರ ಸಿಕ್ಕಂತೆ. ಶಾಮಿಯಾನಕ್ಕೆ, ವಾಲಗಕ್ಕೆ ಲೆಕ್ಕವಿಡದ ನಾವು ಈ ಪರೀಕ್ಷೆಯ ಮಾತೆತ್ತಿದರೆ ಮುಖ ಸಿಂಡರಿಸುತ್ತೇವೆ. ಹುಡುಗಿಯ ರಕ್ತ ನೋಡಿಸಿ ಎನ್ನುವ ಗಂಡಿನ ಕಡೆಯವರು, ಹುಡುಗನ ತೋಳು ಚಾಚಲು ಹೇಳಿದರೆ ಅವಮಾನವಾಯಿತೆಂದು ಏಳುತ್ತಾರೆ.

ಮಗು ಹುಟ್ಟಿ ಆರು ತಿಂಗಳೋ ವರ್ಷವೋ ಕಳೆದು ಬಿಳಿಚಿಕೊಂಡಾಗ, ‘ಸೊಸೆ ತಂದ ರೋಗ’ ಎನ್ನುವವರೂ ಇವರೇ. ಥಲಸ್ಸೇಮಿಯಾದಲ್ಲಿ ಗಂಡನ ಪಾಲು ಹೆಂಡತಿಯಷ್ಟೇ. ತಾಯಿಯ ಎಕ್ಸ್ ವರ್ಣತಂತುವಿನಿಂದ ಗಂಡುಮಕ್ಕಳಿಗೆ ಬರುವ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾದಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಮನೆತನದಲ್ಲಿ ಎಲ್ಲೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಯಾರನ್ನು ದೂರುತ್ತೀರಿ? ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಲು ಥಲಸ್ಸೇಮಿಯಾದ ಮಗುವನ್ನೆತ್ತಿಕೊಂಡು, ಮಳೆಗಾಲದ ಘಟ್ಟ ಇಳಿದು ಹತ್ತುವವಳೂ ಆ ತಾಯಿಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣದ (ಸಿಕಲ್ ಸೆಲ್) ಕಾಯಿಲೆಗಳನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಆದರೂ ಇನ್ನೊಬ್ಬಳು ಮಗಳ ಮದುವೆಗೆ ಅಡ್ಡಿಯಾದೀತೆಂದು ಪ್ರಮಾಣಪತ್ರವನ್ನೇ ಮಾಡಿಸದ ಮನೆಗಳಿವೆ.

ನಿಮ್ಮ ಮಗನ ವಿಷಯ. ತಂಗಿಯ ಮಗಳಿಗೆ ಆ ಕೆಟ್ಟ ಪ್ರತಿ ನಿಮ್ಮ ತಂಗಿಯಿಂದಲೇ ಬಂದಿದ್ದರೆ ನೀವೂ ವಾಹಕರಾಗಿರುವ ಸಾಧ್ಯತೆ ಅರ್ಧದಷ್ಟಿದೆ, ನಿಮ್ಮಿಂದ ಮಗನಿಗೂ ಇಳಿದಿರಬಹುದು. ಆದ್ದರಿಂದ ಜಾತಕ ಇನ್ನೆಲ್ಲಿಗೂ ಹೋಗುವ ಮೊದಲು ಅವನ ರಕ್ತಪರೀಕ್ಷೆ ಆಗಲಿ. ಅವನು ವಾಹಕನೆಂದಾದರೂ ಹುಡುಗಿ ವಾಹಕಳಲ್ಲದಿದ್ದರೆ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲ. ಇಬ್ಬರೂ ವಾಹಕರಾದರೂ ಮದುವೆ ಮುರಿಯಬೇಕಾಗಿಲ್ಲ, ತಿಳಿದು ಮುಂದುವರಿಯಬಹುದು. ತಂಗಿಯ ಮಗಳು ಮತ್ತು ಅವಳ ಗಂಡ ಮುಂದಿನ ಬಸಿರಿಗೆ ಮೊದಲೇ ತಳಿವೈದ್ಯರನ್ನು (ವಂಶದಿಂದ ಬರುವ ಕಾಯಿಲೆಗಳ ತಜ್ಞರನ್ನು) ಕಂಡು, ಇಬ್ಬರ ವಂಶವಾಹಿಯ ದೋಷ ಯಾವುದೆಂದು ಗುರುತಿಸಿಕೊಂಡಿರಲಿ; ಹತ್ತರಿಂದ ಹನ್ನೆರಡನೆಯ ವಾರದಲ್ಲಿ ಮಾಡುವ ಗರ್ಭದ ಪರೀಕ್ಷೆಗೆ ಆ ವಿವರ ಕೈಯಲ್ಲಿರಬೇಕು.

— ಸಂಪಾದಕ