ಡಿಸ್ಕ್ ಗಾಲ್ಫ್: ಡ್ರೈವರ್ ಎಡಕ್ಕೇ ಹೋಗುತ್ತಿದ್ದರೆ ಇನ್ನೊಂದು ಡ್ರೈವರ್ ಕೊಳ್ಳಬೇಡಿ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತಾ, ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿ ಇರುವ ಬಾಸ್ಕೆಟ್‌ಗೆ ಹಾಕುವ ಆಟ; ಒಂದೊಂದು ಬಾಸ್ಕೆಟ್‌ವರೆಗಿನ ಆಟ ಒಂದು ಹೋಲ್. ಪಾರ್ಕಿನ 9 ಹೋಲ್‌ಗಳ ಚಿಕ್ಕ ಕೋರ್ಸಿನಲ್ಲಿ ನಿಮ್ಮ ಡ್ರೈವರ್ (ದೂರ ಎಸೆಯಲು ಮಾಡಿದ ಡಿಸ್ಕ್) ಪ್ರತಿ ಸಲ ಎಡಕ್ಕೆ ಹೊರಳಿ ಪೊದೆ ಸೇರುತ್ತದೆ, ಇನ್ನೂ ದೂರ ಹೋಗುವ ಡ್ರೈವರ್ ಯಾವುದು ಅಂತ ಕೇಳಿದ್ದೀರಿ. ನಾನೂ ಶುರು ಮಾಡಿದ್ದು ಇದೇ ಪ್ರಶ್ನೆಯಿಂದ. ಯಾವ ಡ್ರೈವರೂ ಬೇಡ. ಒಂದು ಪಟರ್ ಕೊಳ್ಳಿ, ಅಂದರೆ ಹತ್ತಿರದಿಂದ ಬಾಸ್ಕೆಟ್‌ಗೆ ಹಾಕಲು ಬಳಸುವ, ಕಡಿಮೆ ವೇಗದ ಡಿಸ್ಕ್.

ಡಿಸ್ಕಿಗೆ ನಾಲ್ಕು ಅಂಕಿ ಕೊಟ್ಟಿರುತ್ತಾರೆ: ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್ (ವೇಗ ಹೆಚ್ಚಿರುವಾಗ ಬಲಕ್ಕೆ ವಾಲುವುದು), ಫೇಡ್ (ಕೊನೆಯಲ್ಲಿ ಎಡಕ್ಕೆ ವಾಲುವುದು). ಡೆಸ್ಟ್ರಾಯರ್ ಎಂಬ ಡ್ರೈವರ್‌ಗೆ 12, 5, -1, 3. ಏವಿಯಾರ್ ಪಟರ್‌ಗೆ 2, 3, 0, 1. ಆ 12 ನೋಡಿ ದೂರ ಹೋಗುತ್ತೆ ಅಂದುಕೊಳ್ಳೋದೇ ದುಬಾರಿ ತಪ್ಪು. ಡಿಸ್ಕ್ ತನ್ನ ಗುಣಕ್ಕೆ ತಕ್ಕಂತೆ ಹಾರಬೇಕಾದರೆ ಎಷ್ಟು ವೇಗದಲ್ಲಿ ಬಿಡಬೇಕು ಅನ್ನೋದನ್ನು ಅದು ಹೇಳುತ್ತದೆ. ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ (ಕೈಯನ್ನು ಎದೆಗೆ ಅಡ್ಡವಾಗಿ ಎಳೆದು) ಎಸೆದ ಡಿಸ್ಕ್ ಮೇಲಿಂದ ನೋಡಿದರೆ ಪ್ರದಕ್ಷಿಣೆಯಾಗಿ ತಿರುಗುತ್ತದೆ. ವೇಗ ಇಳಿದಂತೆ ಗಾಳಿಯ ಎತ್ತುವ ಬಲ ಮುಂದಿನ ಅಂಚಿನ ಕಡೆ ಸರಿಯುತ್ತದೆ. ಡಿಸ್ಕ್ ತಿರುಗುತ್ತಿರುವುದರಿಂದ ಮುಂಭಾಗ ಮೇಲೇಳೋದಿಲ್ಲ, ಇಡೀ ಡಿಸ್ಕ್ ಎಡಕ್ಕೆ ವಾಲುತ್ತದೆ. ಫೇಡ್ ಅಂದರೆ ಇದೇ. ಹೊಸಬರ ಕೈಯಿಂದ ಡ್ರೈವರ್ ಹೊರಡುವಾಗಲೇ ಅದಕ್ಕೆ ಬೇಕಾದ ವೇಗ ಇರುವುದಿಲ್ಲ. ಹಾಗಾಗಿ ಟರ್ನ್ ಬರುವುದೇ ಇಲ್ಲ, ಮೊದಲಿನಿಂದಲೇ ಫೇಡ್. ಇನ್ನೂ ದೊಡ್ಡ ಅಂಕಿಯ ಡ್ರೈವರ್ ತಂದರೆ ಇನ್ನೂ ಬೇಗ ಎಡಕ್ಕೆ ಬೀಳುತ್ತದೆ, ಅಷ್ಟೇ.

ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ಮೇಲೆತ್ತಿ ಬಿಡೋದು ಇದನ್ನು ಇನ್ನಷ್ಟು ಕೆಡಿಸುತ್ತದೆ. ಡಿಸ್ಕ್ ಮೇಲೇರಿ, ನಿಂತು, ಎಡಕ್ಕೆ ಜಾರುತ್ತದೆ. ಚೊಂಬಿನಿಂದ ನೀರು ಸುರಿಯುವಾಗ ಇರುವಂತೆ ಮಣಿಕಟ್ಟನ್ನು ತುಸು ಕೆಳಕ್ಕೆ ಬಾಗಿಸಿ ಹಿಡಿಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಅಂಚಿಗೆ, ಉಳಿದ ಬೆರಳು ತಳದಲ್ಲಿ ಹರಡಿ. ಓಡಿ ಬಂದು ಎಸೆಯಬೇಡಿ. ಬಲಭುಜ ಬಾಸ್ಕೆಟ್ ಕಡೆ ತಿರುಗಿಸಿ ನಿಂತು, ಡಿಸ್ಕನ್ನು ಎದೆಯ ಮುಂದೆ ನೇರ ಗೆರೆಯಲ್ಲಿ ಎಳೆದು, ಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ತನ್ನಿ. ಮುಕ್ಕಾಲು ಶಕ್ತಿ ಸಾಕು.

ಇಂಥ ಕೋರ್ಸಿನ ಹೋಲ್‌ಗಳು ಹೆಚ್ಚಾಗಿ 50ರಿಂದ 80 ಮೀಟರ್, ಪಾರ್ 3, ಅಂದರೆ ಮೂರು ಎಸೆತದಲ್ಲಿ ಮುಗಿಸುವ ಲೆಕ್ಕ. 65 ಮೀಟರ್ ಹೋಲ್‌ನಲ್ಲಿ ಪಟರ್ 40 ಮೀಟರ್ ನೇರ ಹೋದರೆ, ಎರಡನೆಯದು 20, ಉಳಿದ 5 ಮೀಟರ್ ಪಟ್ (ಬಾಸ್ಕೆಟ್‌ಗೆ ಹಾಕುವ ಹತ್ತಿರದ ಎಸೆತ). ಪಾರ್ ಬಂತು. ಬಾಸ್ಕೆಟ್‌ನ ಸರಪಳಿ ಇರೋದೇ ಡಿಸ್ಕಿನ ವೇಗವನ್ನು ತಡೆದು ಕೆಳಗಿನ ಬುಟ್ಟಿಗೆ ಬೀಳಿಸೋಕೆ. ಜೋರಾಗಿ ಹೊಡೆದರೆ ಸೀಳಿಕೊಂಡು ಆಚೆ ಹೋಗುತ್ತದೆ, ಮೃದುವಾಗಿ ಬಿಡಿ. ಅಭ್ಯಾಸಕ್ಕೆ ನನ್ನ ಶಿಫಾರಸು ಒಂದೇ: ಒಂದೇ ಬಗೆಯ ಮೂರು ಪಟರ್ ಇಟ್ಟುಕೊಂಡು 5 ಮೀಟರ್‌ನಿಂದ ಪಟ್ ಮಾಡಿ. ಸ್ಕೋರ್ ಇಳಿಯೋದು ಇಲ್ಲಿಯೇ.

ನಿಯಮಗಳಲ್ಲಿ ಹೊಸಬರು ಎಡವೋದು ಹೀಗೆ: ಬಾಸ್ಕೆಟ್‌ನಿಂದ 10 ಮೀಟರ್ ಒಳಗೆ ಪಟ್ ಮಾಡಿದ ಮೇಲೆ ಸಮತೋಲನ ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು, ಆಯ ತಪ್ಪಿ ಮುಂದೆ ಬೀಳುವಂತಿಲ್ಲ. ಡಿಸ್ಕ್ ಹುಡುಕಲು 3 ನಿಮಿಷ, ಸಿಗದಿದ್ದರೆ ಒಂದು ಎಸೆತದ ದಂಡ. ತಳದಲ್ಲಿ ಫೋನ್ ನಂಬರ್ ಬರೆದಿಡಿ, ಸಿಕ್ಕವರು ಕರೆ ಮಾಡುವ ಸಾಧ್ಯತೆ ಇದೆ. ಪಾರ್ಕ್ ಎಲ್ಲರದ್ದು. ಹಾದಿಯಲ್ಲಿ ನಡೆಯುವವರು, ಮಕ್ಕಳು, ನಾಯಿ ದಾಟುವವರೆಗೂ ಎಸೆಯಬಾರದು. ಬಿಟ್ಟ ಮೇಲೆ ಯಾರ ಕಡೆಗಾದರೂ ಹೋದರೆ ತಕ್ಷಣ ‘ಫೋರ್’ ಅಂತ ಜೋರಾಗಿ ಕೂಗಿ.

ಪಟರ್ ತಪ್ಪದೆ 55-60 ಮೀಟರ್ ನೇರ ಹೋಗಲು ಶುರುವಾದಾಗ 5 ಸ್ಪೀಡ್‌ನ ಬಜ಼್‌ನಂಥ ಮಿಡ್‌ರೇಂಜ್ (ಪಟರ್ ಮತ್ತು ಡ್ರೈವರ್ ನಡುವಿನ ಡಿಸ್ಕ್), ಅದಾದ ಮೇಲೆ 6 ಸ್ಪೀಡ್‌ನ ಲೆಪರ್ಡ್ ಎಂಬ ಡ್ರೈವರ್ ತೆಗೆದುಕೊಳ್ಳಿ. ಈಗಿರುವ ಡ್ರೈವರನ್ನು ಅಲ್ಲಿಯವರೆಗೆ ಮನೆಯಲ್ಲೇ ಬಿಟ್ಟು ಬನ್ನಿ.